ಒಬ್ಬರಿಗೆ ಒಂದೇ ಒಪ್ಪಾರಿ

ಮೆಟ್ಟೂರಿನ ಸಂಗೀತ ವಿದ್ವಾಂಸ ಧನಶೇಖರನನ್ನು ನಿಮ್ಮ ಕೃತಿಗಳು ಎಲ್ಲಿಂದ ಹುಟ್ಟುತ್ತವೆ ಎಂದು ಕೇಳಿದರೆ, ಅವನು ಕಣ್ಣು ಮುಚ್ಚಿ ಆಕಾಶದ ಕಡೆ ಕೈ ತೋರಿಸುತ್ತಿದ್ದ. ಅಮ್ಮನವರು ಕನಸಿನಲ್ಲಿ ಬಂದು ಹಾಡುತ್ತಾರಂತೆ, ಇವನು ಎದ್ದು ಸ್ವರ ಹಾಕುತ್ತಾನಂತೆ. ಸೇಲಂನ ದೊಡ್ಡವರೆಲ್ಲ ಇದನ್ನು ಕೇಳಿ ಕೈಮುಗಿಯುತ್ತಿದ್ದರು. ನಾನು ಅವನ ಹೆಂಡತಿಯ ಕಡೆಯ ನೆಂಟಳು, ನನಗೆ ಮಾತ್ರ ಮೈ ಉರಿಯುತ್ತಿತ್ತು.

ಏಕೆಂದರೆ ಅವನಿಗೆ ಹೆಸರು ತಂದ ಮೊದಲ ಕೃತಿ ಹುಟ್ಟಿದ್ದು ಮಾರಂಡಹಳ್ಳಿ ಪಕ್ಕದ ನಮ್ಮೂರಿನಲ್ಲಿ, ಅವನ ಅತ್ತೆಯ ಹೆಣದ ಮುಂದೆ. ಅವನ ಹೆಂಡತಿ ಶಿವಲಕ್ಷ್ಮಿ ತಾಯಿಯ ತಲೆಯ ಹತ್ತಿರ ಕೂತು ಒಪ್ಪಾರಿ ಆಡುತ್ತಿದ್ದಳು. ಸತ್ತವರ ಬದುಕನ್ನೆಲ್ಲ ರಾಗವಾಗಿ ಹೇಳಿಕೊಂಡು ಅಳುವುದು ಕುರಿ ಸಾಕುವ ನಮ್ಮ ಜನದಲ್ಲಿ ಹೆಂಗಸರ ಪಾಲಿನ ಕೆಲಸ. ಅಳಿಯ ಗೋಡೆಗೊರಗಿ ತಲೆ ತಗ್ಗಿಸಿದ್ದು ನೋಡಿ ಪಾಪ, ಎಷ್ಟು ನೊಂದಿದ್ದಾನೆ ಎಂದು ನಾವು ಮರುಗಿದೆವು. ಅವನು ತೊಡೆಯ ಮೇಲೆ ತಾಳ ಹಾಕುತ್ತಿದ್ದ.

ಒಪ್ಪಾರಿಗೆ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಗಂಡಸು ಸತ್ತರೆ ಒಡಹುಟ್ಟಿದವಳು ಮೊದಲು ಸೊಲ್ಲೆತ್ತಬೇಕು, ಹೆಣ ಎತ್ತುವುದು ಆಮೇಲೆ. ಆದರೆ ಒಬ್ಬಳು ಒಬ್ಬರಿಗೆ ಆಡುವುದು ಒಂದೇ ಸಲ. ಅದೇ ಹೆಸರು ಹಿಡಿದು ಎರಡನೇ ಸಲ ಆಡಿದರೆ ಸತ್ತವನ ಮನೆಯ ಕೂಸನ್ನೂ ಸಾವು ಕರೆಯುತ್ತದೆ ಎನ್ನುತ್ತಾರೆ. ನಂಬದವರು ನಂಬದಿರಲಿ, ನಮ್ಮಲ್ಲಿ ಯಾರೂ ಇದನ್ನು ಪರೀಕ್ಷೆ ಮಾಡಿ ನೋಡಿಲ್ಲ. ಧನಶೇಖರನಿಗೂ ಇದು ಚೆನ್ನಾಗಿ ಗೊತ್ತಿತ್ತು.

ಕಳೆದ ವರ್ಷ ಸೇಲಂನ ಸಂಗೀತ ಸಭೆಯೊಂದು ಅವನಿಂದ ಹೊಸ ಕೃತಿ ಬೇಕೆಂದು ಕೇಳಿತು. ಅವನ ಸರಕು ಮುಗಿದುಹೋಗಿತ್ತು. ಅಣೆಕಟ್ಟಿನ ಪಾರ್ಕಿಗೆ ಹೋಗಿ ಕೂತ. ಕಾವೇರಿ ನೆಗಡಿ ಕೊಟ್ಟಳೇ ಹೊರತು ಪಲ್ಲವಿ ಕೊಡಲಿಲ್ಲ. ಉಪವಾಸ ಮಾಡಿದ, ಹಸಿವಿಗೆ ಸಿಟ್ಟು ಬಂದು ಹೆಂಡತಿಯ ಮೇಲೆ ತಟ್ಟೆ ಎಸೆದ. ಅಮ್ಮನವರು ಮಾತ್ರ ಆ ಕಡೆ ತಲೆ ಹಾಕಲಿಲ್ಲ.

ಒಂದು ಮಧ್ಯಾಹ್ನ ಶಿವಲಕ್ಷ್ಮಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಊರಿಂದ ಫೋನ್ ಬಂತು," ಎಂದ. "ನಂಜಪ್ಪ ಓಗ್ಬುಟ್ನಂತೆ. ಲಾರಿ ಆಕ್ಸಿಡೆಂಟ್."

ನಂಜಪ್ಪ ಅವಳ ಒಬ್ಬನೇ ತಮ್ಮ. ತಾಯಿ ಹೋದ ಮೇಲೆ ಅವಳಿಗೆ ತವರೆಂದರೆ ಅವನೇ. ಅವಳ ಕೈಯಿಂದ ಜರಡಿ ಬಿತ್ತು, ಕೂತಲ್ಲೇ ಒಪ್ಪಾರಿ ಹಿಡಿದಳು. ಕುರಿಮರಿ ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಅಕ್ಕನಿಗಾಗಿ ಕಾದವನೇ ಎಂದಳು. ಅಕ್ಕ ಬಂದಳೆಂದು ಯಾರದೋ ಹೊಲದ ಅವರೆಕಾಯಿ ಕದ್ದು ತಂದವನೇ ಎಂದಳು. ಹಾಡಿ ಹಾಡಿ ಸೋತು ಅವಳು ಗೋಡೆಗೊರಗಿದಾಗ, ಅವನು ಅಂಗಿಯ ಜೇಬಿನಿಂದ ಫೋನ್ ತೆಗೆದು ರೆಕಾರ್ಡಿಂಗ್ ನಿಲ್ಲಿಸಿದ.

"ಎದ್ದು ಮೊಕ ತೊಳ್ಕೊ. ನಿನ್ ತಮ್ಮನ್ಗೆ ಏನೂ ಆಗಿಲ್ಲ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ತಮ್ಮನ ನಂಬರು ಒತ್ತಿದಳು.

"ಏನಕ್ಕಾ," ಎಂದ ನಂಜಪ್ಪ. "ಕುರಿ ನೀರ್ ಕುಡೀತಾ ಅವೆ, ಆಮ್ಯಾಕೆ ಮಾತಾಡ್ತೀನಿ."

ಫೋನ್ ಇಟ್ಟು ಗಂಡನ ಮುಖ ನೋಡಿದಳು. "ನಾಳೆ ನಿಜ್ವಾಗ್ಲೂ ಏನಾರ ಆದ್ರೆ ಅವ್ನಿಗೆ ನಾನು ಆಡಂಗಿಲ್ವಲ್ಲ. ಯಾಕಿಂಗ್ ಮಾಡಿದ್ರಿ?"

"ಅವ್ನು ನಿನ್ಗಿಂತ ಚಿಕ್ಕೋನು. ನೀನೇ ಮುಂಚೆ ಓಗ್ತೀಯ, ಬಿಡು," ಎಂದು ಅವನು ತಂಬೂರಿ ಶ್ರುತಿ ಮಾಡಲು ಹೋದ.

ಸೇಲಂನಲ್ಲಿ ಆ ಕೃತಿ ಕೇಳಿ ಸಭೆಗೆ ಸಭೆಯೇ ಕಣ್ಣೀರು ಹಾಕಿತು. ಈ ಸಲ ಅಮ್ಮನವರು ಅಳುತ್ತಲೇ ಹಾಡಿದರು ಎಂದು ಅವನು ಶಾಲು ಹೊದೆಸಿಕೊಂಡು ಹೇಳಿದ. ಬಾವನ ಕಛೇರಿ ಎಂದು ನಂಜಪ್ಪನೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಅಕ್ಕನ ಪಕ್ಕ ಕೂತಿದ್ದ. "ನನ್ಗೆ ಸಂಗೀತ ತಿಳಿಯಾಕಿಲ್ಲ ಕಣಕ್ಕಾ, ಆದ್ರೂ ಯಾಕೋ ಒಟ್ಟೇಲಿ ಸಂಕಟ ಆಯ್ತು," ಎಂದ. ಅವಳು ತಲೆಯಾಡಿಸಿದಳು.

ಈ ವರ್ಷ ನಂಜಪ್ಪನಿಗೆ ಹಾವು ಕಚ್ಚಿತು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಜೀವ ಹೋಗಿತ್ತು.

ಮೆಟ್ಟೂರಿನಿಂದ ಗಂಡ ಹೆಂಡತಿ ನಮ್ಮೂರಿಗೆ ಬರುವ ಹೊತ್ತಿಗೆ ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದೆವು. ಶಿವಲಕ್ಷ್ಮಿಯ ಸೋದರತ್ತೆ ಮುತ್ತಮ್ಮ ಅವಳಿಗಾಗಿ ಜಾಗ ಬಿಟ್ಟು ಕೂತಿದ್ದಳು.

"ಬಾರವ್ವಾ, ಸೊಲ್ಲೆತ್ತು. ನಿನ್ಗೇ ಕಾಯ್ತಾ ಅವ್ನೆ."

ಶಿವಲಕ್ಷ್ಮಿ ನಿಂತೇ ಇದ್ದಳು. ಹಿಂದಿನದನ್ನು ಮುಚ್ಚಿಟ್ಟು ಆಡಿದ್ದರೆ ಯಾರಿಗೆ ತಿಳಿಯುತ್ತಿತ್ತು? ಆದರೆ ನಂಜಪ್ಪನ ಪುಟ್ಟ ಮಗಳು ಅರ್ಚನಾ ಓಡಿಬಂದು ಅವಳ ಕಾಲು ತಬ್ಬಿಕೊಂಡಿದ್ದಳು.

"ನಾನು ಆಡ್ಬುಟ್ಟಿದೀನಿ ಅತ್ತೆ," ಎಂದಳು ಶಿವಲಕ್ಷ್ಮಿ. "ಓದ್ ವರ್ಸ. ಅವ್ನು ಸತ್ತ ಅಂತ ಇವ್ರು ಹೇಳುದ್ರು."

ನಾವೆಲ್ಲ ಧನಶೇಖರನ ಕಡೆ ನೋಡಿದೆವು. ಅವನು ಮೋಡ ನೋಡುತ್ತಿದ್ದ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಆದರೆ ಹೆಣದ ಮುಂದೆ ಅಳಿಯನನ್ನು ಹೊಡೆದವರು ಯಾರಿದ್ದಾರೆ?

ಮುತ್ತಮ್ಮ ಹೇಳಿದಳು: "ಅಂಗಾರೆ ನೀನು ಆಚೆ ಕೂತ್ಕೊ ತಾಯಿ. ಬಾಯಿ ಬಿಡ್ಬ್ಯಾಡ. ಒಂದ್ ಕೂಸೈತೆ ಮನೇಲಿ."

ಅವಳು ಕುರಿದೊಡ್ಡಿಯ ಬೇಲಿ ಪಕ್ಕ ಹೋಗಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕೊನೆಗೆ ಅಕ್ಕನ ವರಸೆಯ ದೂರದ ನೆಂಟಳೊಬ್ಬಳು ಸೊಲ್ಲೆತ್ತಿದಳು. ಅವಳಿಗೆ ನಂಜಪ್ಪನ ಬಗ್ಗೆ ಏನೂ ಗೊತ್ತಿರಲಿಲ್ಲ. ಯಾವ ಗಂಡಸಿಗಾದರೂ ಹೊಂದುವ ನಾಲ್ಕು ಮಾತನ್ನೇ ಹಿಂದೆ ಮುಂದೆ ಮಾಡಿ ಆಡಿದಳು. ಅಷ್ಟಕ್ಕೇ ಅವನನ್ನು ಕಳಿಸುವುದೆಂದಾಯಿತು. ಶಿವಲಕ್ಷ್ಮಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಧನಶೇಖರ ಮೆಲ್ಲಗೆ ಬಂದು ಅವಳ ಪಕ್ಕ ಕೂತ. ಸಮಾಧಾನ ಹೇಳಲು ಬಂದನೆಂದು ನಾನೂ ಒಂದು ಗಳಿಗೆ ನಂಬಿದೆ.

"ಅವ್ಳದ್ರಲ್ಲಿ ಏನೂ ಇಲ್ಲ," ಎಂದ. "ನೀನು ಮೆಲ್ಲಗೆ ಆಡು. ನನ್ಗೊಬ್ನಿಗೆ ಕೇಳ್ಸಿದ್ರೆ ಸಾಕು."

ಅವಳು ಮಗುವಿನ ಎರಡು ಕಿವಿಗಳನ್ನೂ ಅಂಗೈಯಿಂದ ಮುಚ್ಚಿದಳು. ಸೆರಗಿನ ಒಳಗೆ, ಗಂಟಲಿನ ಬುಡದಲ್ಲಿ, ತಡೆಯಲಾರದ ಒಂದು ಸದ್ದು ಎದ್ದಿತು. ಧನಶೇಖರ ಬಗ್ಗಿ ಅವಳ ಬಾಯಿಗೆ ಕಿವಿ ಕೊಟ್ಟ.