ಅಡಿವೆವ್ವನ ಹೆಪ್ಪು

ಉಮಾಳ ಮೊಸರಿನ ಗಡಿಗೆಯನ್ನು ತೊಳೆದಿಟ್ಟವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಉಮಾ ನನ್ನ ನೆಗೆಣ್ಣಿ, ಮೈದುನ ಕಳಕೇಶನ ಹೆಂಡತಿ. ನರೇಗಲ್ಲಿನಲ್ಲಿ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಒಲೆ ಬೇರೆ, ಹಿತ್ತಲು ಒಂದೇ. ಅವಳ ತವರು ಯಾವಗಲ್. ತಾಯಿ ಅಡಿವೆವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ಒಬ್ಬ ಮಗನನ್ನೂ ಒಬ್ಬ ಮಗಳನ್ನೂ ಸಾಕಿದವಳು. ದಿನಕ್ಕೆ ಪಾವು ಲೀಟರ್ ಹಾಲು ಕೊಂಡು, ಒಂದು ಹನಿಯನ್ನೂ ಚಹಾಕ್ಕೆ ಮುಟ್ಟಗೊಡದೆ ಅಷ್ಟಕ್ಕೂ ಹೆಪ್ಪು ಹಾಕುತ್ತಿದ್ದಳಂತೆ. ಚಹಾ ಮಾಡಿದರೆ ಒಂದು ಗಳಿಗೆಗೆ ಮುಗಿಯಿತು, ಮೊಸರಾದರೆ ನೀರು ಹಾಕಿ ಕಡೆದು ಮೂವರು ಎರಡು ಹೊತ್ತು ರೊಟ್ಟಿ ನೆನೆಸಿಕೊಂಡು ಉಣ್ಣಬಹುದು ಎನ್ನುವವಳು.

ಉಮಾ ಮದುವೆಯಾಗಿ ಬಂದಾಗ ಅಡಿವೆವ್ವ ಅವಳ ಉಡಿಯಲ್ಲಿ ಬಿಳಿ ಅರಿವೆಯ ತುಂಡೊಂದನ್ನು ಕಟ್ಟಿ ಕಳಿಸಿದ್ದಳು. ಮೊಸರಿನಲ್ಲಿ ಅದ್ದಿ ನೆರಳಿಗೆ ಒಣಗಿಸಿದ ಅರಿವೆ. ಬಸ್ಸಿನಲ್ಲಿ ಮೊಸರಾದರೆ ಚೆಲ್ಲುತ್ತದೆ, ಅರಿವೆ ಚೆಲ್ಲುವುದಿಲ್ಲವಲ್ಲ. ಅದನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿದೆವು. ಬೆಳಗಾಗುವಷ್ಟರಲ್ಲಿ ಗಡಿಗೆ ಓರೆ ಮಾಡಿದರೂ ಕದಲದಂಥ ಮೊಸರು. ಒಂಬತ್ತು ವರ್ಷ ಆ ಹೆಪ್ಪು ಒಂದು ದಿನವೂ ತಪ್ಪಲಿಲ್ಲ. ಒಮ್ಮೆ ಯಾವಗಲ್ಲಿನ ಮೊಸರು ಕೆಟ್ಟು ಲೋಳೆಯಾದಾಗ ತಾಯಿಯೇ ಬಂದು ಮಗಳಿಂದ ಹೆಪ್ಪು ಒಯ್ದಿದ್ದಳು. ಓಣಿಯಲ್ಲಿ ಯಾರ ಮೊಸರು ಹುಳಿಯಾದರೂ ಬಟ್ಟಲು ಹಿಡಿದು ಉಮಾಳ ಬಾಗಿಲಿಗೇ ಬರುತ್ತಿದ್ದರು.

ಹೋದ ತಿಂಗಳು ಅಡಿವೆವ್ವ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಸುದ್ದಿ ಬಂದಿದ್ದೇ ಉಮಾ ಮಕ್ಕಳನ್ನು ಕಟ್ಟಿಕೊಂಡು, ಕೀಲಿಕೈ ನನ್ನ ಕೈಗಿಟ್ಟು ಗಂಡನೊಡನೆ ಬಸ್ಸು ಹತ್ತಿದಳು.

ಇದ್ದದ್ದನ್ನು ಕೆಡಲು ಬಿಡುವ ಹೆಂಗಸು ನಾನಲ್ಲ. ಮರುದಿನ ಅವಳ ಅಡಿಗೆಮನೆ ಹೊಕ್ಕೆ. ಬುಟ್ಟಿಯಲ್ಲಿದ್ದ ರೊಟ್ಟಿ ಮುರಿದು ಒಗ್ಗರಣೆ ಹಾಕಿದೆ. ಮೊಸರನ್ನು ಮಜ್ಜಿಗೆ ಮಾಡಿ ಮನೆಯವರಿಗೆ ಬಡಿಸಿದೆ. ಗಡಿಗೆಯನ್ನು ಬೂದಿ ಹಚ್ಚಿ ತಿಕ್ಕಿ, ಕುದಿನೀರು ಹೊಯ್ದು, ಬಿಸಿಲಿಗೆ ಬೋರಲು ಹಾಕಿದೆ. ಹೆಪ್ಪಿನ ನೆನಪಾಗಲಿಲ್ಲವೆಂದಲ್ಲ. ನಮ್ಮ ಎಮ್ಮೆ ಬತ್ತಿತ್ತು, ಹೆಪ್ಪು ಹಾಕಲು ಮನೆಯಲ್ಲಿ ಹಾಲಿರಲಿಲ್ಲ. ಎರಡು ದಿನದ ಹಿಂದಷ್ಟೇ ಓಣಿಯ ಕೊನೆಯ ಮನೆಯ ಚಮನಬಿ ಒಂದು ಬಟ್ಟಲು ಒಯ್ದಿದ್ದಳು. ಅವಳಲ್ಲಿ ಇರುತ್ತದೆ ಬಿಡು ಎಂದುಕೊಂಡೆ.

ಹನ್ನೆರಡನೆಯ ದಿನ ಅವರು ಬರುವವರಿದ್ದರು. ಅಂದು ಬೆಳಗ್ಗೆ ಚಮನಬಿ ತಂಬಿಗೆಯ ತುಂಬ ಮೊಸರು ತಂದುಕೊಟ್ಟಳು. ದುಃಖದ ಹೊಟ್ಟೆಗೆ ತಂಪಾಗಲಿ ಎಂದಳು. ನಾನು ಜೋಳದ ನುಚ್ಚು ಬೇಯಿಸಿ, ಉಪ್ಪು ಹಾಕಿ, ಅಷ್ಟೂ ಮೊಸರನ್ನು ಕಲಸಿದೆ. ಬಸ್ಸಿಳಿದು ಬಂದವರಿಗೆ ನನ್ನ ಮನೆಯಲ್ಲೇ ಬಡಿಸಿದೆ. ಕಳಕೇಶನೂ ಮಕ್ಕಳೂ ಉಂಡರು. ಉಮಾ ಎರಡು ತುತ್ತು ಬಾಯಿಗಿಟ್ಟು ತಾಟಿನಲ್ಲೇ ಕೈ ತೊಳೆದಳು. ಅವಳ ತಾಟು, ಪಾತ್ರೆ, ತಂಬಿಗೆ ಎಲ್ಲ ತೊಳೆದು ಮುಸುರೆ ನೀರನ್ನು ಆಡಿನ ಮುಂದಿನ ಕಲ್ಲಿನ ದೋಣಿಗೆ ಸುರಿದೆ. ನಿತ್ಯ ಮಾಡುವ ಕೆಲಸವೇ.

ಉಮಾ ಹಿತ್ತಲಿನಿಂದ ತನ್ನ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಕೂಗು ಕೇಳಿಸಿತು.

"ಅಕ್ಕಾ, ಗಡಗಿ ಯಾಕ ಬೋರಲ ಐತಿ?"

ಚಂದ ಮಾಡಿ ತೊಳೆದಿಟ್ಟೆನೆಂದು ಹೇಳಿದೆ. ಹೊಗಳಲಿ ಎಂಬ ಆಸೆಯೂ ಇತ್ತು. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು.

ಸತ್ತ ಮನೆಯಲ್ಲಿ ಬೇಯಿಸಿದ್ದನ್ನೂ ಹಾಲುಮೊಸರನ್ನೂ ಇಟ್ಟುಕೊಳ್ಳುವುದಿಲ್ಲ. ಯಾವಗಲ್ಲಿನಲ್ಲಿ ಅಣ್ಣನ ಹೆಂಡತಿ ಬಾಳವ್ವ ಅತ್ತೆಯ ಮೊಸರಿನ ಗಡಿಗೆ ಹಿಡಿದು, ಏನು ಮಾಡಲಿ ಎಂದು ಇವಳನ್ನು ಕೇಳಿದ್ದಳಂತೆ.

"ನಾನ ಚೆಲ್ಲು ಅಂದೆ ಅಕ್ಕಾ," ಎಂದಳು ಉಮಾ. "ನನ್ನ ಗಡಗ್ಯಾಗ ಅವ್ವನ ಹೆಪ್ಪ ಐತಿ, ಅಕ್ಕ ಕಾದಿಟ್ಟಿರತಾಳ, ಚೆಲ್ಲು ಅಂದೆ."

ಹನ್ನೆರಡು ದಿನದಲ್ಲಿ ಅವಳು ಒಮ್ಮೆಯೂ ಅತ್ತಿರಲಿಲ್ಲವೆಂದು ಕಳಕೇಶ ಆಗಲೇ ನನ್ನ ಕಿವಿಯಲ್ಲಿ ಹೇಳಿದ್ದ. ಯಾವಗಲ್ಲಿನ ಹೆಂಗಸರು ಇವಳು ಕಲ್ಲುಮನಸ್ಸಿನವಳು ಎಂದು ಆಡಿಕೊಂಡರಂತೆ. ಏಕೆ ಅಳಲಿಲ್ಲವೆಂದು ನನಗೆ ಆಗ ತಿಳಿಯಿತು. ಮನೆಯಲ್ಲಿ ತಾಯಿಯ ಕೈಯ ಮೊಸರು ಇದೆ ಎಂಬ ಧೈರ್ಯ ಅವಳಿಗೆ.

ಚಮನಬಿಯ ಮನೆಯಲ್ಲಿದೆ, ಈಗಲೇ ತರುತ್ತೇನೆ ಎಂದು ಬಟ್ಟಲು ಹಿಡಿದು ಓಡಿದೆ. ಚಮನಬಿ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾನು ಕೇಳಿದ್ದಕ್ಕೆ ಅವಳ ಕೈ ನಿಂತಿತು.

"ಇದ್ದಷ್ಟೂ ನಿಮಗ ಕೊಟ್ಟೀನ್ರಿ ನಿರ್ಮಲಕ್ಕಾ. ಹೆಂಗೂ ಉಮಾ ಬರತಾಳ, ಸಂಜೀಕ ಆಕಿ ಕಡಿಂದನ ಒಂದ ಚಮಚೆ ಇಸ್ಕೊಂಡ್ರಾತು ಅಂತ ನನ್ನ ಗಡಗೀನೂ ತೊಳದ ಹಾಕಿದೆ."

ಅದೇ ಓಣಿಯ ಮಾಬೂಬಿಯ ಮನೆಗೆ ಹೋದೆ. ಅಲ್ಲೀಗ ಪಾಕೀಟಿನ ಮೊಸರು. ಇನ್ನೆರಡು ಮನೆಗಳಲ್ಲಿ ಉಮಾಳ ಹೆಪ್ಪು ಯಾವಾಗಲೋ ಮುಗಿದು ಬೇರೆ ಕಡೆಯದು ಸೇರಿತ್ತು. ಕಲಸಿದ ನುಚ್ಚಿನ ಒಂದು ಅಗುಳು ಸಿಕ್ಕರೂ ಸಾಕಿತ್ತು. ಹಿತ್ತಲಿಗೆ ಓಡಿ ಬಂದೆ. ಆಡು ಕಲ್ಲಿನ ದೋಣಿಯನ್ನು ನೆಕ್ಕಿ ಒಣಗಿಸಿತ್ತು. ನನ್ನ ಪಾತ್ರೆ, ತಾಟು, ತಂಬಿಗೆ ಬಿಸಿಲಲ್ಲಿ ಫಳಫಳ ಹೊಳೆಯುತ್ತಿದ್ದವು. ಹುಟ್ಟಿದಾಗಿನಿಂದ ನಾನು ಕಲಿತ ಅಚ್ಚುಕಟ್ಟುತನಕ್ಕೆ ಅಂದಿನಷ್ಟು ಎಂದೂ ಹೇಸಿರಲಿಲ್ಲ.

ಅಷ್ಟರಲ್ಲಿ ಚಮನಬಿ ಹಿಂದೆಯೇ ಬಂದು ಒಂದು ಹಿಡಿ ಮೆಣಸಿನಕಾಯಿ ತೊಟ್ಟು ನನ್ನ ಬಟ್ಟಲಿಗೆ ಹಾಕಿದಳು. ಬೆಚ್ಚಗಿನ ಹಾಲಿಗೆ ಹಾಕಿಟ್ಟರೆ ಬೆಳಗ್ಗೆ ಮೊಸರಾಗಿರುತ್ತದೆ, ನನ್ನ ಮನೆಯದೇ ಎಂದು ಹೇಳಿ ಕೊಟ್ಟುಬಿಡಿ ಎಂದು ಪಿಸುಗುಟ್ಟಿದಳು. ಹಾಗೆ ಮಾಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಉಮಾ ಹೊಸ್ತಿಲ ಮೇಲಿಂದ ನನ್ನ ಕೈಯಲ್ಲಿದ್ದ ಬಟ್ಟಲನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷ ನನ್ನ ಮಾತನ್ನು ನಂಬಿ ಬದುಕಿದವಳು. ತೊಟ್ಟುಗಳನ್ನು ಚಮನಬಿಯ ಕೈಗೇ ತಿರುಗಿ ಸುರಿದೆ.

ಪಕ್ಕದಲ್ಲಿ ಕೂತು ಇದ್ದದ್ದನ್ನು ಹೇಳಿದೆ. "ಎಲ್ಲೂ ಇಲ್ಲವ್ವಾ. ಚಮನಬಿ ಕೊಟ್ಟಿದ್ದ ಕಡೀದು. ಈಗ ನೀ ಉಂಡಿಯಲ್ಲ, ಅದ."

ಅವಳು ಬಹಳ ಹೊತ್ತು ತನ್ನ ಬಲಗೈಯನ್ನು ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಆ ಕೈಯನ್ನೂ ಅವಳು ತಾಟಿನಲ್ಲೇ ತೊಳೆದಾಗಿತ್ತು.

"ನಂಗ ರುಚೀನ ಹತ್ತಲಿಲ್ಲಲ್ಲ ಅಕ್ಕಾ," ಎಂದಳು. "ಅವ್ವಂದು ಅಂತ ಗೊತ್ತಾಗಲಿಲ್ಲಲ್ಲ."

ಆಮೇಲೆ ಅತ್ತಳು. ಯಾವಗಲ್ಲಿನಲ್ಲಿ ಅಳದೇ ಉಳಿದದ್ದೆಲ್ಲ ನನ್ನ ಮಡಿಲಿಗೆ ಬಿತ್ತು. ಸುಮ್ಮನಾಗು ಎನ್ನುವ ಹಕ್ಕು ನನಗಿರಲಿಲ್ಲ. ಚಮನಬಿ ಕಂಬಕ್ಕೆ ಒರಗಿ ಸೆರಗು ಬಾಯಿಗೆ ಹಿಡಿದಿದ್ದಳು.

ಸಂಜೆ ಹಾಲಿನವನು ಬಂದಾಗ ಉಮಾ ಎದ್ದು ಎಂದಿನಂತೆ ಪಾವು ಲೀಟರ್ ಇಸಿದುಕೊಂಡು ಕಾಯಿಸಿದಳು. ಆರಲು ಇಟ್ಟಳು. ಹಾಲು ಉಗುರುಬೆಚ್ಚಗಾದಾಗ ಕಿರುಬೆರಳು ಅದ್ದಿ ನೋಡಿದಳು. ಅವಳು ಮಕ್ಕಳನ್ನು ಕರೆದು, ಎರಡು ಲೋಟಕ್ಕೆ ಸುರಿದು, ಅಷ್ಟನ್ನೂ ಕುಡಿಸಿಬಿಟ್ಟಳು.