ಅರ್ಧ ಉಳಿದ ಬಣವೆ

ಹಗ್ಗ ಸಾಲಲಿಲ್ಲ. ಚಟ್ಟದ ಕೊನೆಯ ಗಂಟಿಗೆ ಗೇಣುದ್ದ ಕಡಿಮೆ ಬಿತ್ತು. ಅಲ್ಲಪ್ಪ ತುದಿಯನ್ನು ಎಳೆದು ನೋಡಿ, ಬಿಟ್ಟು, ಕಟ್ಟೆಯ ಕಡೆ ತಿರುಗಿದ.

"ಯಕ್ಕಾ, ಮನ್ಯಾಗ ಇನ್ನೊಂದ ಹಗ್ಗ ಇಲ್ಲೇನ?"

ಗಂಡನ ತಲೆಯ ಹತ್ತಿರ ಕೂತಿದ್ದ ಶೆಟ್ಟೆವ್ವ ಹೊಲದ ಕಡೆ ಕೈ ತೋರಿಸಿದಳು. "ಬಣವಿ ಹತ್ರ ಐತಿ. ಇನ್ನಾ ಅರ್ಧ ಉಳದೈತಿ."

"ಏನ, ಹಗ್ಗಾನ?"

"ಬಣವಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬೆಳಗಿನಿಂದ ಆಕೆ ಅತ್ತಿರಲಿಲ್ಲ. ನೆರೆಮನೆಯ ಕೆಂಚವ್ವ ಕೊರಳಿಗೆ ಬಿದ್ದು ಹಾಡಿಕೊಂಡು ಅತ್ತಾಗಲೂ, ಪರರ ಮನೆಯ ಸಾವಿಗೆ ಬಂದವಳ ಹಾಗೆ ಅವಳ ಬೆನ್ನು ಸವರುತ್ತ ಕೂತಿದ್ದಳು. ಗಂಡ ಬೀರಸಿದ್ದಪ್ಪನ ಹಳೆಯ ರುಮಾಲು ಎಲ್ಲೂ ಸಿಗದೆ ಹೊಸದನ್ನು ಸುತ್ತಿದ್ದರು. ಅದರಲ್ಲಿ ಅವನ ಮುಖ ಬೇರೆ ಯಾರದೋ ಅನ್ನುವಂತಿತ್ತು. ಶೆಟ್ಟೆವ್ವನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ನಾಳೆ ತಂತಿ ನೋಡಲು ಇನ್ಸ್‌ಪೆಕ್ಟರ ಬರುತ್ತಾನೆ.

"ಮಾಲಿಂಗ ಬಂದನೇನ?" ಹಿರಿಯ ದುರ್ಗಪ್ಪ ಕೇಳಿದ.

"ಯಾವ ಮಾರಿ ಹೊತ್ತ ಬರತಾನ್ರಿ?" ಅಂದಳು ಕೆಂಚವ್ವ. "ಅಂವನ ಬಣವಿ ಹೊತ್ತ ಹೊತ್ತ ಅಣ್ಣ ಎದಿ ಒಡದ ಸತ್ತಾನ."

"ಗಂಡಮಕ್ಕಳಿಲ್ಲದ ಮನಿ. ಒಡಹುಟ್ಟಿದ ತಮ್ಮ ಮಣ್ಣ ಹಾಕದ ನಾವ್ಯಾರೂ ಹಾಕಾಕ ಬರಾಂಗಿಲ್ಲ. ಹೊತ್ತ ಇಳಿಯೂತನಕ ಕಾಯೂನು," ಅಂದ ದುರ್ಗಪ್ಪ.

* * *

ದಡ್ಡಿ ಊರಿನ ಹೊಲಗಳ ಮೇಲೆ ಹಾದು ಯಮಕನಮರಡಿಯ ಕಡೆ ಹೋಗುವ ಕರೆಂಟಿನ ತಂತಿ ಬಹಳ ಹಳೆಯದಲ್ಲ. ಅದು ಬಂದ ಮರುವರ್ಷ, ಬೇಸಗೆಯ ಒಂದು ಗಾಳಿಯ ಮಧ್ಯಾಹ್ನ, ತಂತಿಗೆ ತಂತಿ ಬಡಿದು ಕಿಡಿ ಉದುರಿತು. ಕೆಳಗಿದ್ದ ಲಕ್ಕವ್ವನ ಬಣವೆ ಹತ್ತಿತು. ಅಲ್ಲಿಂದ ಗುಡ್ಡದ ಒಣಹುಲ್ಲು ಹತ್ತಿತು. ಹಟ್ಟಿಯಲ್ಲಿ ಕೂಡಿಹಾಕಿದ್ದ ಕುರಿಮರಿಗಳು ಸುಟ್ಟುಹೋದವು. ಆಗ ಸರಕಾರ ಕರೆಂಟಿನ ಕಂಪನಿಯ ಕಿವಿ ಹಿಂಡಿತು. ಬೇಸಗೆಗೆ ಮುಂಚೆ ಯಾವ ಊರಿನಲ್ಲಿ ತಂತಿಯ ಕೆಳಗೆ ಏನೇನು ತೆಗೆಸುತ್ತೀರಿ, ಅದಕ್ಕೆ ಜವಾಬ್ದಾರ ಯಾರು ಎಂದು ಬರೆದುಕೊಡಬೇಕು. ಹೋಳಿ ಹುಣ್ಣಿಮೆಯೊಳಗೆ ಸರಕಾರದ ಇನ್ಸ್‌ಪೆಕ್ಟರು ಬಂದು ನೋಡಿಹೋಗಬೇಕು. ದಡ್ಡಿಯ ಪಾಲಿಗೆ ಕಂಪನಿ ಬೀರಸಿದ್ದಪ್ಪನ ಹೆಸರು ಬರೆಯಿತು. ಮರಿಗಳು ಸುಟ್ಟುಹೋದದ್ದು ಅವನ ಹಟ್ಟಿಯಲ್ಲೇ.

ಅವನು ಮುಳ್ಳುಕಂಟಿ ಕಡಿದ, ಹುಲ್ಲು ಕೊಯ್ದ, ಬಣವೆ ಸರಿಸಿರೆಂದು ಮನೆಮನೆಗೆ ಅಲೆದ. ಊರು ಅವನಿಗೆ 'ತಂತಿ ಸಾಹೇಬ' ಎಂದು ಹೆಸರಿಟ್ಟು, ಬೈದುಕೊಂಡೇ ಸರಿಸಿತು. ಸರಿಸದವನು ಒಬ್ಬನೇ, ತಮ್ಮ ಮಾಲಿಂಗಪ್ಪ.

"ಬಣವಿ ಮೊದಲ ಬಂತು, ತಂತಿ ಆಮ್ಯಾಲೆ ಬಂತು. ಸರಿಯೂದಾದರ ತಂತಿ ಸರೀಲಿ. ಅಪ್ಪ ಒಟ್ಟತಿದ್ದ ಜಾಗಾ ಇದು, ನೀರ ನಿಂದರಾಂಗಿಲ್ಲ."

ಬೀರಸಿದ್ದಪ್ಪ ಕಂಪನಿಗೆ ಹೇಳಿದ. ಅವರ ಆಳುಗಳು ಬಣವೆ ಕಿತ್ತು, ಜೋಳದ ಕಣಿಕಿಯನ್ನು ಹೊಲದ ತುಂಬ ಚೆಲ್ಲಿ ಹೋದರು. ಅದರ ಬೆನ್ನಿಗೇ ಅಕಾಲದ ಮಳೆ. ಕಣಿಕಿ ಕೊಳೆಯಿತು. ಆ ಬೇಸಗೆ ಮಾಲಿಂಗಪ್ಪನ ಎತ್ತುಗಳು ಮೇವಿಲ್ಲದೆ ಬರಿಯ ಗೋದಲಿ ನೆಕ್ಕಿದವು. ಅಣ್ಣತಮ್ಮಂದಿರ ಮಾತು ನಿಂತಿತು.

ಮರುವರ್ಷ ಮಾಲಿಂಗಪ್ಪ ಮತ್ತೆ ಅಲ್ಲೇ ಒಟ್ಟಿದ. ಬೀರಸಿದ್ದಪ್ಪ ಯಾರಿಗೂ ಹೇಳಲಿಲ್ಲ. ತಲೆಯ ರುಮಾಲು ಬಿಚ್ಚಿ ಹೊರೆಯ ಅಡಿಗೆ ಸಿಂಬಿ ಸುತ್ತಿ, ಒಬ್ಬನೇ ಹೊರೆ ಹೊರೆಯಾಗಿ ಹೊತ್ತು, ಬೇವಿನ ಮರದ ಆಚೆ ಹೊಸದಾಗಿ ಒಟ್ಟಿದ. ಮಾಲಿಂಗಪ್ಪ ಬದುವಿನ ಮೇಲೆ ಕೂತು ನೋಡಿದ. ಆಮೇಲೆ ಪ್ರತಿವರ್ಷವೂ ಅಷ್ಟೇ: ತಮ್ಮ ಒಟ್ಟುವುದು, ಅಣ್ಣ ಹೊರುವುದು.

"ಹುಚ್ಚ ಹಿಡದೈತೇನ ನಿಮಗ?" ನೀರು ತಂದ ಶೆಟ್ಟೆವ್ವ ಈ ಸಲವೂ ಬೈದಿದ್ದಳು. "ಬಾಯಿ ಬಿಟ್ಟ ಒಂದ ಮಾತ ಕೇಳಬಾರದ ಅವಂಗ?"

ಬೀರಸಿದ್ದಪ್ಪ ಕಣಿಕಿಯ ಸಿವುಡೊಂದನ್ನು ಎತ್ತಿ ತೋರಿಸಿದ್ದ. "ನೋಡಿಲ್ಲೆ, ಈ ಸಲ ಸಣ್ಣ ಸಣ್ಣ ಸಿವುಡ ಕಟ್ಟ್ಯಾನ. ನನಗ ಹಗರ ಆಗ್ಲಿ ಅಂತ ತಿಳಕೋಬ್ಯಾಡ ಮತ್ತ. ಮೈಗಳ್ಳ ಸೂಳೇಮಗ." ಹಾಗೆಂದು ನಕ್ಕಿದ್ದ. ಅರ್ಧ ಬಣವೆ ಮುಗಿಸಿ, ಎದೆ ಹಿಡಿದುಕೊಂಡು ಬರಿತಲೆಯಲ್ಲಿ ಮನೆಗೆ ಬಂದಿದ್ದ.

* * *

ಹೊತ್ತು ವಾಲಿದ ಮೇಲೆ ಮಾಲಿಂಗಪ್ಪ ಬಂದ. ಅವನ ಹೆಗಲ ಮೇಲೆ ಹಗ್ಗದ ಸುರುಳಿ ಇತ್ತು.

"ಬಣವಿ ಹತ್ರ ಬಿದ್ದಿತ್ತು," ಅಂದು ಅಲ್ಲಪ್ಪನ ಮುಂದೆ ಹಾಕಿದ.

"ಮುಂಜಾನಿಂದ ಅಲ್ಲೇ ಇದ್ದಿ ಏನ?" ಅಲ್ಲಪ್ಪ ಕೇಳಿದ.

ಮಾಲಿಂಗಪ್ಪ ತಾನೇ ಕೂತು ಕೊನೆಯ ಗಂಟು ಹಾಕಿದ.

ಚಟ್ಟ ಅವನ ಹೊಲದ ಬದಿಯಲ್ಲೇ ಹಾದುಹೋಯಿತು. ತಂತಿಯ ಕೆಳಗೆ ಹೆಗಲು ಬದಲಿಸಲು ನಿಂತರು. ಅರ್ಧ ಬಣವೆ ಹಾಗೇ ಇತ್ತು. ಶೆಟ್ಟೆವ್ವ ಅದನ್ನೇ ನೋಡುತ್ತ ನಿಂತುಬಿಟ್ಟಳು. ಕೆಂಚವ್ವ ರಟ್ಟೆ ಹಿಡಿದು ಮುಂದೆ ನಡೆಸಿದಳು.

ಹೂಳಲು ತೋಡಿದ ಕುಣಿಯ ಅಂಚಿನಲ್ಲಿ ಮಾಲಿಂಗಪ್ಪ ಹಿಡಿ ಮಣ್ಣು ಎತ್ತಿದ. ಮುಷ್ಟಿ ಬಿಚ್ಚಲಿಲ್ಲ.

"ಬಿಡೋ ತಮ್ಮಾ," ಅಂದ ದುರ್ಗಪ್ಪ. "ಮಂದಿ ನಿಂತಾರ."

ಬಹಳ ಹೊತ್ತಿನ ಮೇಲೆ ಮಣ್ಣು ಬೆರಳ ಸಂದಿಯಿಂದ ಜಾರಿತು.

ಹೊಳೆಯಲ್ಲಿ ಮುಳುಗಿ ಎದ್ದು ಎಲ್ಲರೂ ಊರಿನ ದಾರಿ ಹಿಡಿದರು. ಶೆಟ್ಟೆವ್ವ ಒದ್ದೆ ಸೀರೆಯಲ್ಲೇ ಹೊಲದ ಕಡೆ ಹೊರಳಿದಳು.

"ಸೂತಕದಾಗ ಎಲ್ಲಿಗೆ ಯವ್ವಾ?" ಕೆಂಚವ್ವ ಕೂಗಿದಳು. ಅವಳು ತಿರುಗಲಿಲ್ಲ. ಬಣವೆಯ ಮುಂದೆ ನಿಂತು ಒಂದು ಸಿವುಡು ಎಳೆದಳು. ಇನ್ನೊಂದು ಎಳೆದಳು.

ಹಿಂದೆ ಮಾಲಿಂಗಪ್ಪ ಬಂದು ನಿಂತಿದ್ದ. "ಬಿಡ ಅತ್ತಿಗಿ."

"ನಾಳಿ ಇನ್ಸ್‌ಪೆಕ್ಟರ ಬರತಾನ."

"ಬಂದರ ಬರಲಿ. ನನ್ನ ಬಣವಿ. ನನ್ನ ಹೆಸರ ಬರಕೊಂಡ ಹೋಗಲಿ."

"ನಿಂದಲ್ಲೋ ಮಾಲಿಂಗ," ಅಂದಳು ಶೆಟ್ಟೆವ್ವ, ಸಿವುಡು ಎಳೆಯುತ್ತಲೇ. "ಕಂಪನಿ ಕಾಗದದಾಗ ಬರದದ್ದು ನಿಮ್ಮಣ್ಣನ ಹೆಸರ."

ಮೇಲೆ ತಂತಿ ಗುಂಯ್ ಅನ್ನುತ್ತಿತ್ತು. ಮಾಲಿಂಗಪ್ಪ ಬೇವಿನ ಮರದ ಕಡೆ ನಡೆದ. ಅಣ್ಣ ಒಟ್ಟಿದ ಅರ್ಧ ಅಲ್ಲಿತ್ತು, ತೆನೆಯ ಕಡೆ ಒಳಗೆ, ಬುಡ ಹೊರಗೆ, ಅಪ್ಪ ಒಟ್ಟುತ್ತಿದ್ದ ಹಾಗೆಯೇ. ಮೇಲಿನ ಸಿವುಡಿನ ಮೇಲೆ ಹಳೆಯ ರುಮಾಲು ಸಿಂಬಿ ಸುತ್ತಿದ ಹಾಗೇ ಕೂತಿತ್ತು, ನಡುವೆ ಒಂದು ತಲೆಯ ಕುಳಿ.

ಅವನು ಅದನ್ನು ಬಿಚ್ಚದೆ ಎರಡೂ ಕೈಯಿಂದ ಎತ್ತಿ ತನ್ನ ಒದ್ದೆ ತಲೆಯ ಮೇಲಿಟ್ಟುಕೊಂಡ. ಅದು ಸರಿಯಾಗಿ ಕೂರಲಿಲ್ಲ. ಒಂದು ಕೈಯಿಂದ ಹಿಡಿದುಕೊಂಡೇ ತಂತಿಯ ಕೆಳಗೆ ಬಂದು, ಅತ್ತಿಗೆಯ ಮುಂದೆ ಮೊಣಕಾಲು ಮಡಿಸಿ ಹೊರೆಗೆಂದು ತಲೆ ಬಗ್ಗಿಸಿದ.