ಅಮ್ಮೀಟರಿನ ಮುಳ್ಳು ಕುಣಿದದ್ದು

ಬಾಗಲಕೋಟೆಯ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಅಟೆಂಡರ್. ಈ ಹೊಳಬಸಪ್ಪ ಬಂದನೆಂದರೆ ಬೀಕರುಗಳೂ ಸುಮ್ಮನಾಗುತ್ತವೆ. ಎಷ್ಟೋ ಜನ ಕಲಿಸಲು ಬಂದರು, ಹೋದರು. ಡೆಮಾನ್‌ಸ್ಟ್ರೇಟರ್ ಗುರುಸಿದ್ದವ್ವನಂಥವಳನ್ನು ಮಾತ್ರ ನಾನು ಕಾಣಲಿಲ್ಲ. ಇಳಕಲ್ಲಿನ ನೇಕಾರರ ಮಗಳು. ನಾನು ಹೇಳುತ್ತಿರುವುದು 1981ರ ಮಾತು.

ಆಕೆಯ ಪ್ರಯೋಗ ನೋಡಲು ಸರಳ. ಗಾಜಿನ ಪಾತ್ರೆಯಲ್ಲಿ ಫಾಸ್ಫರಿಕ್ ಆಸಿಡ್, ಅದರಲ್ಲಿ ಎರಡು ತಾಮ್ರದ ತುಂಡು, ಹೊರಗೆ ಬ್ಯಾಟರಿ. ಕರೆಂಟು ತೋರಿಸುವ ಅಮ್ಮೀಟರಿನ ಮುಳ್ಳು ಒಂದು ಕಡೆ ನಿಲ್ಲಬೇಕು. ನಿಲ್ಲಲಿಲ್ಲ. ಯಾರೂ ಮುಟ್ಟದೆ ಏರಿತು, ಇಳಿಯಿತು, ಮತ್ತೆ ಏರಿತು. ವೋಲ್ಟೇಜ್ ತುಸು ಹೆಚ್ಚಿಸಿದರೆ ಒಂದು ದೊಡ್ಡ ಏರು, ಒಂದು ಸಣ್ಣ ಏರು, ಜೋಡಿ ಜೋಡಿಯಾಗಿ. ಇನ್ನೂ ಹೆಚ್ಚಿಸಿದರೆ ಯಾವ ಲೆಕ್ಕಕ್ಕೂ ಸಿಗದ ಕುಣಿತ. ಎಲ್ಲವನ್ನೂ ಎಣಿಸಿ ಬರೆದಿಟ್ಟಳು.

ವಿಭಾಗದ ಮುಖ್ಯಸ್ಥರಾದ ಸಂಗಯ್ಯ ಸರ್ ಒಂದೇ ನೋಟಕ್ಕೆ ತೀರ್ಪು ಕೊಟ್ಟರು.

"ಮೀಟರ್ ಕೆಟ್ಟೈತಿ ತಂಗಿ."

"ಮೂರು ಮೀಟರ್ ಹಚ್ಚಿ ನೋಡೇನ್ರಿ ಸರ್. ಮೂರೂ ಒಂದ ತಾಳಕ್ಕ ಕೆಡ್ತಾವೇನ್ರಿ?"

ಸರ್ ತಮ್ಮ ಕೋಣೆಗೆ ಹೊರಟುಹೋದರು. ಒಳ್ಳೆಯ ಮನುಷ್ಯ, ಹಟ ಮಾತ್ರ ಜಾಸ್ತಿ.

ಆಕೆ ಪಿಎಚ್.ಡಿ.ಗೆ ಅರ್ಜಿ ಹಾಕಿದಳು. ವಿಶ್ವವಿದ್ಯಾಲಯದಿಂದ ಒಬ್ಬ ಪ್ರೊಫೆಸರು ಬಂದರು. ಕುಣಿತ ಕಣ್ಣಾರೆ ಕಂಡರೆ ಒಪ್ಪಿಗೆ, ಇಲ್ಲವಾದರೆ ಅರ್ಜಿ ಬುಟ್ಟಿಗೆ ಎಂದು ಮೊದಲೇ ತಿಳಿಸಿದ್ದರು.

ಗುರುಸಿದ್ದವ್ವ ಸ್ವಿಚ್ ಹಾಕಿದಳು. ಮುಳ್ಳು ಏರಿ, ಅಲ್ಲೇ ನಿಂತುಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ. ಪ್ರೊಫೆಸರು ಎದ್ದು ಚೀಲ ಎತ್ತಿಕೊಂಡರು. ಆಕೆ ತಾಮ್ರವನ್ನು ದಿಟ್ಟಿಸಿ ನನ್ನ ಕಡೆ ತಿರುಗಿದಳು.

"ಕಾಕಾ, ತಾಮ್ರಕ್ಕ ಏನ್ ಮಾಡೀರಿ?"

"ದೊಡ್ಡವ್ರು ಬರ್ತಾರಂತ ಹುಣಸಿಹಣ್ಣು ಹಚ್ಚಿ ತಿಕ್ಕೇನವಾ!"

ಬೀಗರು ಬರುವ ದಿನ ಮನೆಯ ತಂಬಿಗೆ ತಿಕ್ಕುವಂತೆ ಫಳಫಳ ಮಾಡಿಟ್ಟಿದ್ದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುವವಳು ಅವಳು. ನನಗೆ ಅಳುವೇ ಬಂತು.

ಆಕೆ ನನ್ನನ್ನು ಬೈಯಲಿಲ್ಲ. "ಕೂಡ್ರಿ ಸರ್" ಎಂದಳು ಪ್ರೊಫೆಸರರಿಗೆ. "ತಾಮ್ರದ ಮ್ಯಾಲೆ ತೆಳ್ಳಗ ಪೊರೆ ಕಟ್ಟಬೇಕು. ಆ ಪೊರೆ ಹರೀತೈತಿ, ಮತ್ತ ಕಟ್ತೈತಿ, ಅದಕ್ಕ ಮುಳ್ಳು ಆಡ್ತೈತಿ. ತಿಕ್ಕಿದ ತಾಮ್ರ ಐತಿ, ಅರ್ಧಾ ತಾಸು ಹಿಡೀತೈತಿ."

ಅದು ಬೇಡಿಕೊಳ್ಳುವ ದನಿ ಆಗಿರಲಿಲ್ಲ. ಪ್ರೊಫೆಸರು ಕುಳಿತರು.

ಇಪ್ಪತ್ತೇಳನೆಯ ನಿಮಿಷಕ್ಕೆ ಮುಳ್ಳು ನಡುಗಿತು. ಏರಿತು, ಇಳಿಯಿತು. "ಈಗ ಜೋಡಿ ಬರ್ತಾವ ನೋಡ್ರಿ" ಎಂದು ವೋಲ್ಟೇಜ್ ಹೆಚ್ಚಿಸಿದಳು, ಬಂದವು. ಹೇಳಿ ಹೇಳಿ ಕುಣಿಸಿದಳು ನಮ್ಮ ಹುಡುಗಿ! ನನ್ನ ಎದೆ ಅಂಗಿಯಲ್ಲಿ ಹಿಡಿಸಲಿಲ್ಲ.

ಪ್ರೊಫೆಸರು ಅರ್ಜಿಗೆ ಅಲ್ಲೇ ಸಹಿ ಹಾಕಿ, ಸಂಗಯ್ಯ ಸರ್‌ಗೆ ಕೈಮುಗಿದರು. "ಎಂಥ ಶಿಷ್ಯೆಯನ್ನು ತಯಾರು ಮಾಡಿದ್ದೀರಿ! ಇದನ್ನೆಲ್ಲ ಕಲಿಸಿದವರು ನೀವೇ ತಾನೆ?"

ನಮ್ಮ ಸರ್ ಯಾರನ್ನೂ ಸುಲಭಕ್ಕೆ ಹೊಗಳಿದವರಲ್ಲ. ಗುರುಸಿದ್ದವ್ವನ ಪಕ್ಕಕ್ಕೆ ಬಂದು ನಿಂತರು.

"ಆಕೀಗೆ ಯಾರೂ ಕಲಿಸಿಲ್ರಿ. ಇನ್ನ ಆಕೀನ ನಮಗ ಕಲಿಸ್ಬೇಕು."